ಹೆಗಲ ಪಟ್ಟಿ

ನಮ್ಮ ಮನೆಯಲ್ಲಿ ಒಂದು ಅಕಾರ್ಡಿಯನ್ ಇದೆ. ದೇವಸುಗೂರಿನಂತಹ ಊರಿನಲ್ಲಿ ಈ ಮಾತನ್ನು ಆಡಿದರೆ ಕೇಳಿದವರು ಮೊದಲು ನಮ್ಮ ಮುಖವನ್ನು ನೋಡುತ್ತಾರೆ, ಆಮೇಲೆ, "ಹಾರ್ಮೋನಿಯಂ ಏನ್ರಿ?" ಎಂದು ತಿದ್ದುತ್ತಾರೆ. ಅಲ್ಲವೆಂದು ವಿವರಿಸುವ ಗೋಜಿಗೆ ನಾವು ಈಚೆಗೆ ಹೋಗುವುದಿಲ್ಲ. ಹಾರ್ಮೋನಿಯಮ್ಮಿನ ದಾಯಾದಿಯೆಂದರೆ ಸಾಕಾಗುತ್ತದೆ. ಅದು ಸುಳ್ಳೂ ಅಲ್ಲ. ಎರಡರ ಹೊಟ್ಟೆಯಲ್ಲಿಯೂ ಲೋಹದ ನಾಲಿಗೆಗಳಿವೆ, ಎರಡಕ್ಕೂ ತಿದಿಯ ಉಸಿರೇ ಪ್ರಾಣ. ಭೇದವಿಷ್ಟೆ: ಹಾರ್ಮೋನಿಯಂ ಜಮಖಾನೆಯ ಮೇಲೆ ದೊಡ್ಡ ಮನುಷ್ಯನಂತೆ ಕುಳಿತು ಸೇವೆ ಮಾಡಿಸಿಕೊಳ್ಳುತ್ತದೆ, ಅಕಾರ್ಡಿಯನ್ನು ಕೈಗೂಸಿನಂತೆ ಎದೆಗೆ ಏರಿ ಕೂರುತ್ತದೆ. ಕೂಸನ್ನು ಎತ್ತಿಕೊಂಡವರಿಗೆ ಗೊತ್ತು, ಅದು ಎಷ್ಟು ಮುದ್ದಾಗಿದ್ದರೂ ಅರ್ಧ ಗಂಟೆ ಕಳೆದಮೇಲೆ ಅದರ ಭಾರ ಹೆಗಲಿಗೆ ತಿಳಿಯುತ್ತದೆ. ನಾವು ಇಲ್ಲಿ ಬರೆಯಹೊರಟಿರುವುದು ವಾದ್ಯವನ್ನು ಕುರಿತಲ್ಲ, ಆ ಹೆಗಲನ್ನು ಕುರಿತು. ಇನ್ನೂ ಸರಿಯಾಗಿ ಹೇಳುವುದಾದರೆ ಹೆಗಲಿಗೂ ವಾದ್ಯಕ್ಕೂ ನಡುವೆ ಇರುವ ಎರಡಂಗುಲದ ಪಟ್ಟಿಯನ್ನು ಕುರಿತು. ಇದು ಒಂದು ಲೇಖನಕ್ಕೆ ಸಾಲುವ ವಿಷಯವೇ ಎಂದು ವಾಚಕರು ಕೇಳಬಹುದು. ಎರಡು ವರ್ಷದ ಹಿಂದೆ ನಾವೂ ಹಾಗೆಯೇ ಕೇಳುತ್ತಿದ್ದೆವು.

ಈ ಅಕಾರ್ಡಿಯನ್ನು ನಮ್ಮ ಸೋದರಮಾವನವರದು. 1956ರವರೆಗೆ ರಾಯಚೂರು ಸೀಮೆಯು ಹೈದರಾಬಾದು ರಾಜ್ಯಕ್ಕೆ ಸೇರಿದ್ದುದರಿಂದ, ಇಲ್ಲಿಯ ಅನೇಕ ಮನೆತನಗಳಿಗೆ ಬೆಂಗಳೂರಿಗಿಂತ ಹೈದರಾಬಾದು ಸಿಕಂದರಾಬಾದುಗಳಲ್ಲಿಯೇ ನೆಂಟರು ಹೆಚ್ಚು. ಮಾವನವರು ಸಿಕಂದರಾಬಾದಿನಲ್ಲಿ ಹಗಲು ರೈಲ್ವೆಯ ಚಾಕರಿ, ರಾತ್ರಿ ಮದುವೆಮನೆಗಳಲ್ಲಿ ಆರ್ಕೆಸ್ಟ್ರಾ, ಹೀಗೆ ಎರಡು ಬಾಳನ್ನು ಬಾಳಿದವರು. ಆ ಕಾಲದಲ್ಲಿ ಹಿಂದಿ ಚಿತ್ರಗೀತೆಗಳಲ್ಲಿ ಅಕಾರ್ಡಿಯನ್ನಿಗೆ ದೊಡ್ಡ ಮರ್ಯಾದೆಯಿತ್ತು. ಮುಂಬಯಿಯ ಗೂಡಿ ಸೀರ್ವಾಯಿ, ಪುಣೆಯ ಇನಾಕ್ ಡೇನಿಯಲ್ಸ್ ಮೊದಲಾದವರ ಹೆಸರನ್ನು ಮಾವನವರು ಗುರುಗಳ ಹೆಸರು ಹೇಳುವಂತೆ ಕಿವಿ ಮುಟ್ಟಿಕೊಂಡು ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆಯವರು ವಾದ್ಯವನ್ನು ಮಾರಲು ಮನಸ್ಸು ಬಾರದೆ, ಕರಿಯ ಪೆಟ್ಟಿಗೆಯ ಸಮೇತ ನಮ್ಮ ಕೈಗೆ ಕೊಟ್ಟರು. ಯುಗಾದಿಯ ಮರುವಾರ, ನಿಜಾಮರ ಕಾಲದಲ್ಲಿ ಕಟ್ಟಿದ ಕೃಷ್ಣೆಯ ಸೇತುವೆಯನ್ನು ದಾಟಿ ಅದು ನಮ್ಮ ಮನೆಗೆ ಬಂದಿತು.

ನಮ್ಮ ಮಗಳಿಗೆ ಆಗ ಹನ್ನೆರಡು ತುಂಬಿ ಕೆಲವೇ ತಿಂಗಳು. ಪೆಟ್ಟಿಗೆಯನ್ನು ತೆರೆದ ದಿನ ಅವಳು ಊಟವನ್ನೇ ಮರೆತಳು. ಕೆಂಪು ಮೈ, ಹಲ್ಲಿನಂತಹ ಬಿಳಿಯ ಮನೆಗಳು, ಎಡಗಡೆ ಸಾಲುಸಾಲಾಗಿ ಎಪ್ಪತ್ತೆರಡು ಗುಂಡಿಗಳು, ನಡುವೆ ಮಡಿಕೆ ಮಡಿಕೆಯಾದ ತಿದಿ. ಮಕ್ಕಳನ್ನು ಮರುಳುಗೊಳಿಸಲು ಮತ್ತೇನು ಬೇಕು? ಶಕ್ತಿನಗರದ ಕಾಲೋನಿಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ಹಾರ್ಮೋನಿಯಂ ಬಲ್ಲವರು. ಮನೆಗಳನ್ನು ತಾವು ಕಲಿಸುವುದಾಗಿಯೂ, ಗುಂಡಿಗಳ ಪಾಡನ್ನು ಹುಡುಗಿಯೇ ನೋಡಿಕೊಳ್ಳಬೇಕಾಗಿಯೂ ಹೇಳಿ ಒಪ್ಪಿದರು. ಬೇಸಿಗೆಯ ರಜೆಯಲ್ಲಿ ಪಾಠ ಮೊದಲಾಯಿತು.

ಮೊದಲ ತಿಂಗಳು ಮಗಳು ತಾನಾಗಿ ಕುಳಿತಳು. ಎರಡನೆಯ ತಿಂಗಳು ಕರೆದರೆ ಕುಳಿತಳು. ಮೂರನೆಯ ತಿಂಗಳಲ್ಲಿ, ಅಕಾರ್ಡಿಯನ್ನಿನ ಹೆಸರೆತ್ತಿದರೆ ಅವಳಿಗೆ ಶಾಲೆಯ ಲೆಕ್ಕಗಳು ನೆನಪಾಗತೊಡಗಿದವು. ಅಲ್ಲಿಯವರೆಗೆ ಲೆಕ್ಕವನ್ನು ಕಂಡರೆ ಆಗದ ಮಗು ಅದು! ನಾವು ಇದನ್ನು ಸೋಮಾರಿತನವೆಂದು ಬಗೆದೆವು. ಹೊಸತರ ಹುರುಪು ಅಗಸನ ಒಗೆತದಂತೆ, ಮೊದಲು ಎತ್ತಿ ಎತ್ತಿ ಒಗೆಯುವುದು, ಕಡೆಗೆ ಹಾಗೆಯೇ ಹಿಂಡುವುದು, ಎಂದು ಊಟದ ಹೊತ್ತಿನಲ್ಲಿ ಎರಡು ಮೂರು ಬಾರಿ ಬುದ್ಧಿ ಹೇಳಿದ್ದೂ ಉಂಟು. ಒಂದು ಸಲ ಅವಳು, "ಅಪ್ಪಾ, ಎಡಗೈ ಜೋಮು ಹಿಡೀತದ. ಬಟ್ಟಿನಾಗ ಇರಿವಿ ಹರದಂಗ ಆಗ್ತದ" ಎಂದಳು. ನಾವು ನಕ್ಕು, ಇರುವೆಗಳು ಓಡಿಹೋಗಬೇಕಾದರೆ ಇನ್ನೂ ಹತ್ತು ನಿಮಿಷ ಹೆಚ್ಚಿಗೆ ನುಡಿಸಬೇಕೆಂದು ಹೇಳಿದೆವು. ಆ ನಗುವನ್ನು ನೆನೆದರೆ ಈಗಲೂ ನಮಗೆ ಒಂದು ಬಗೆಯಾಗುತ್ತದೆ.

ಪಟ್ಟಿಗಳ ಕಡೆಗೆ ನಮ್ಮ ಲಕ್ಷ್ಯವು ಪೂರ್ತಿಯಾಗಿ ಹೋಗಿರಲಿಲ್ಲವೆಂದು ಹೇಳುವಂತಿಲ್ಲ. ಮಾವನವರದು ಆಜಾನುಬಾಹು ಶರೀರ. ಅವರ ಪಟ್ಟಿಗಳು ಮೂರಂಗುಲದ ಅಗಲ, ಒಳಗಡೆಯ ಮಖಮಲ್ಲು ಸವೆದು ಹಾರಿಹೋಗಿ, ಚರ್ಮವು ಒಣಗಿದ ಕೆರೆಯ ತಳದಂತೆ ಬಿರಿದಿತ್ತು. ಅವನ್ನು ಕಡೆಯ ತೂತಿಗೆ ಬಿಗಿದರೂ ಮಗಳ ಎದೆಗೂ ವಾದ್ಯಕ್ಕೂ ನಡುವೆ ಅಂಗೈ ತೂರುವಷ್ಟು ಬಯಲು ಉಳಿಯುತ್ತಿತ್ತು. ಹೆಗಲ ಮೇಲೆ ಒಂದು ಟವಲನ್ನು ಮಡಿಸಿ ಇಟ್ಟೆವು. ಟವಲು ಜಾರಿತು. ಪಿನ್ನು ಹಚ್ಚಿದೆವು. ಪಿನ್ನು ಚುಚ್ಚಿತು. ಕಡೆಗೆ ದುಡ್ಡಿನಿಂದ ಆಗದ ಕೆಲಸವಿಲ್ಲವೆಂದು ನಿಶ್ಚಯಿಸಿ, ಈಗಿನ ಪದ್ಧತಿಯಂತೆ ಫೋನಿನಲ್ಲಿಯೇ ಚಿತ್ರ ನೋಡಿ ಒಂದು ಜೊತೆ ಹೊಸ ಪಟ್ಟಿಗಳನ್ನು ತರಿಸಿದೆವು. ಬಂದವು, ನೋಡಲು ಅಂದವಾಗಿಯೇ ಇದ್ದವು. ಮೂರುಬೆರಳು ದಪ್ಪದ ಸ್ಪಂಜು, ಮೇಲೆ ಹೊಳೆಯುವ ರೆಕ್ಸಿನ್ನು. ಆದರೆ ರಾಯಚೂರಿನ ಬಿಸಿಲನ್ನು ಆ ರೆಕ್ಸಿನ್ನು ಕಂಡಿರಲಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿಯನ್ನು ದಾಟಿ, ಮಳೆ ಬಂದರೂ ಹೋದರೂ ಸೆಕೆ ಬಿಡದ ಈ ನಾಡಿನಲ್ಲಿ ಅದರ ಕೆಳಗೆ ಬೆವರು ನಿಂತು, ಪಟ್ಟಿಯು ಹೆಗಲಿನ ಮೇಲೆ ಹಾವಿನಂತೆ ಹೊರಳಾಡುತ್ತಿತ್ತು. ಅದು ತೋಳಿನ ಕಡೆಗೆ ಜಾರಿದಾಗಲೆಲ್ಲ ಹುಡುಗಿಯು ಹೆಗಲನ್ನು ಕಿವಿಯ ತನಕ ಎತ್ತಿ ಅದನ್ನು ತಡೆಯುತ್ತಿದ್ದಳು. ಹೀಗೆ ಹೆಗಲೆತ್ತಿ ನುಡಿಸುವುದೇ ಅವಳ ರೂಢಿಯೆಂದು ನಾವು ತಿಳಿದೆವು. ದುಡ್ಡು ಕೊಟ್ಟು ತಂದದ್ದರಲ್ಲಿ ದೋಷವಿರಲಾರದೆಂಬ ನಂಬಿಕೆಯು ಸಂಸಾರಸ್ಥರಲ್ಲಿ ಬಹಳ ಗಟ್ಟಿಯಾದದ್ದು.

ಕನ್ನಡ ರಾಜ್ಯೋತ್ಸವದಂದು ಶಾಲೆಯಲ್ಲಿ ಅವಳು ಒಂದು ಗೀತೆಯನ್ನು ನುಡಿಸಬೇಕೆಂದು ಗೊತ್ತಾಗಿದ್ದುದರಿಂದ, ಮಹಾನವಮಿ ಕಳೆದ ಮೇಲೆ ದಿನವೂ ಮುಕ್ಕಾಲು ಗಂಟೆ ಅಭ್ಯಾಸವಾಗಲೇಬೇಕೆಂದು ನಾವು ಕಟ್ಟುಮಾಡಿದೆವು. ನಡುವೆ ದೀಪಾವಳಿ ಬಂದಿತು. ನರಕ ಚತುರ್ದಶಿಯ ಬೆಳಗಿನ ಜಾವ ಮೊಮ್ಮಗಳಿಗೆ ಎಣ್ಣೆ ಹಚ್ಚಲು ಕುಳಿತ ನಮ್ಮ ತಾಯಿಯವರು ಬಚ್ಚಲಿನಿಂದಲೇ ನಮ್ಮನ್ನು ಕೂಗಿದರು. ಹೋಗಿ ನೋಡಿದರೆ, ಮಗುವಿನ ಎಡ ಹೆಗಲಿನ ಮೇಲೆ, ಕೊರಳಿನ ಬುಡಕ್ಕೆ ಹತ್ತಿ, ಒಂದು ಗೆರೆ. ಒಂದು ಅಂಚಿನಲ್ಲಿ ಕೆಂಪು, ಇನ್ನೊಂದು ಅಂಚಿನಲ್ಲಿ ನೇರಳೆಹಣ್ಣಿನ ಬಣ್ಣ. ನಡುವೆ ಚರ್ಮವು ತುಸು ಬಾತಿತ್ತು. ತಾಯಿಯವರು ಕೈಯಲ್ಲಿ ಎಣ್ಣೆಯ ಬಟ್ಟಲನ್ನು ಹಿಡಿದೇ ಅಂದರು:

"ಎತ್ತಿನ ಹೆಗಲು ಬಾತ್ರ ಒಕ್ಕಲಿಗ ನೊಗಾ ನೋಡ್ತಾನಪ್ಪಾ. ಎತ್ತಿಗಿ ಬಡಿಯಾಂಗಿಲ್ಲ."

ತಾಯಿಯವರು ದೇವದುರ್ಗದ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಅವರ ಮಾತಿಗೆ ನಾವು ಕೊಡಬಹುದಾದ ಉತ್ತರವು ಯಾವುದೂ ಇರಲಿಲ್ಲ. ಹಬ್ಬದ ಊಟವು ಆ ದಿನ ಸಪ್ಪೆಯಾಗಿಯೇ ಮುಗಿಯಿತು. ರಾಜ್ಯೋತ್ಸವದಲ್ಲಿ ಮಗಳು ನುಡಿಸಲಿಲ್ಲ. ಗೆಳತಿಯರ ಸಾಲಿನಲ್ಲಿ ನಿಂತು ಹಾಡಿ ಬಂದಳು.

ರಾಯಚೂರಿಗೆ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದೆವು. ಅವರು ಮಗುವಿನ ಕೈಯನ್ನು ಮೇಲೆ ಕೆಳಗೆ ಆಡಿಸಿ, ಬೆರಳುಗಳನ್ನು ಹಿಡಿಸಿ ಬಿಡಿಸಿ ನೋಡಿ, ಕೆಟ್ಟದ್ದೇನೂ ಆಗಿಲ್ಲವೆಂದರು. ಕೈಗೆ ಹೋಗುವ ನರಗಳ ಗೊಂಚಲು ಕೊರಳಿನ ಬದಿಯಿಂದ ಹೊರಟು, ಕೊರಳ ಕೆಳಗಿನ ಅಡ್ಡ ಎಲುಬಿನಡಿಯಲ್ಲಿ ನುಸುಳಿ, ಕಂಕುಳಿನ ಮೂಲಕ ತೋಳಿಗೆ ಇಳಿಯುತ್ತದಂತೆ. ಭಾರವಾದ ಪಟ್ಟಿಯು ಆ ಎಡೆಯಲ್ಲಿ ಬಹುಹೊತ್ತು ಒತ್ತಿದರೆ ಬೆರಳಿನಲ್ಲಿ ಇರುವೆ ಹರಿದಂತಾಗುವುದು ಸಹಜವೇ. ಬೆನ್ನಿಗೆ ಭಾರದ ಚೀಲ ಹೊತ್ತು ನಡೆಯುವ ಸಿಪಾಯಿಗಳಲ್ಲಿಯೂ ಈ ಬೇನೆಯನ್ನು ವೈದ್ಯರು ಕಂಡಿದ್ದಾರಂತೆ. ಅಂದರೆ, ನಾವು ನಕ್ಕ ಇರುವೆಗಳು ನಿಜವಾದ ಇರುವೆಗಳೇ. "ವಾದ್ಯದ ತೂಕವೆಷ್ಟು?" ಎಂದು ವೈದ್ಯರು ಕೇಳಿದರು. ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವಾಗ ಆದ ನಾಚಿಕೆಯಿಂದ, ಊರಿಗೆ ಬಂದ ಸಂಜೆಯೇ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ, ಜೋಳದ ಚೀಲಗಳ ನಡುವೆ, ಅಕಾರ್ಡಿಯನ್ನನ್ನು ಇಟ್ಟು ತೂಗಿಸಿದೆವು. ಎಂಟು ಕಿಲೋ ಇನ್ನೂರು ಗ್ರಾಂ. ಮಗಳ ತೂಕ ಮೂವತ್ತನಾಲ್ಕು ಕಿಲೋ. ಮಕ್ಕಳ ಪುಸ್ತಕದ ಚೀಲವು ಮೈತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂದು 2020ರ ಶಾಲಾ ಚೀಲ ನೀತಿಯು ಹೇಳುತ್ತದೆ. ಅದನ್ನು ಮೀರಿದ ಚೀಲವನ್ನು ಕಂಡಾಗ ನಾವು ಶಾಲೆಯವರನ್ನು ಆಕ್ಷೇಪಿಸಿದವರು. ಅದೇ ಮಗುವಿನ ಹೆಗಲಿಗೆ ಮನೆಯಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟು ಭಾರವನ್ನು ನೇತುಹಾಕಿ, ಅದಕ್ಕೆ ಸಂಗೀತವೆಂದು ಹೆಸರಿಟ್ಟಿದ್ದೆವು.

ಮೂರು ವಾರ ವಾದ್ಯವನ್ನು ಮುಟ್ಟಕೂಡದೆಂದು ವೈದ್ಯರ ಅಪ್ಪಣೆಯಾಗಿತ್ತು. ಆ ಮೂರು ವಾರಗಳಲ್ಲಿ ನಾವು ಪಟ್ಟಿಯ ವಿದ್ಯಾರ್ಥಿಯಾದೆವು. ಅಕಾರ್ಡಿಯನ್ನಿನ ಹೆಸರಿನಲ್ಲಿ ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ಎಂಬಾತನು ಹಕ್ಕುಪತ್ರವನ್ನು ಪಡೆದದ್ದು 1829ರಲ್ಲಿ. ಅವನದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆ. ಅದಕ್ಕೆ ಹೆಗಲ ಮಾತೇ ಇರಲಿಲ್ಲ. ಬರಬರುತ್ತ ಜರ್ಮನಿಯ ಟ್ರೋಸಿಂಗೆನ್, ಇಟಲಿಯ ಕಾಸ್ಟೆಲ್‌ಫಿಡಾರ್ಡೊ ಊರುಗಳ ಕಾರಖಾನೆಗಳಲ್ಲಿ ಅದಕ್ಕೆ ಪಿಯಾನೋದ ಮನೆಗಳೂ, ನೂರಿಪ್ಪತ್ತು ಗುಂಡಿಗಳೂ ಸೇರಿ, ಪೂರ್ಣಪ್ರಮಾಣದ ವಾದ್ಯವು ಹತ್ತು ಹನ್ನೆರಡು ಕಿಲೋ ಆಗಿ ಬೆಳೆಯಿತು. ನಮ್ಮ ಕಡೆಗೆ ಬಂದ ಅದರ ದಾಯಾದಿಯ ಕಥೆ ಬೇರೆ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದಲ್ಲಿ ಹಾರ್ಮೋನಿಯಮ್ಮನ್ನು ಕಾಲಿನಿಂದ ಬಿಡಿಸಿ ಕೈತಿದಿಗೆ ಒಗ್ಗಿಸಿ, ನೆಲದ ಮೇಲೆ ಕುಳಿತುಕೊಳ್ಳುವ ನಮ್ಮ ಜನಕ್ಕೆ ಸರಿಯಾಗುವಂತೆ ಮಾಡಿದರು. ಆಕಾಶವಾಣಿಯು 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟರೂ ನಮ್ಮ ಭಜನೆಯ ಮನೆಗಳೂ ನಾಟಕದ ಕಂಪನಿಗಳೂ ಅದನ್ನು ಬಿಡಲಿಲ್ಲ. ನೆಲವೇ ಭಾರವನ್ನು ಹೊತ್ತಿದ್ದುದರಿಂದ, ವಾದ್ಯವು ಮೈಮೇಲೆ ಹೇಗೆ ಕೂರಬೇಕೆಂದು ನಮ್ಮ ಪೆಟ್ಟಿಗೆಯ ಮಾಸ್ತರರು ಯಾರೂ ಯೋಚಿಸಬೇಕಾಗಿ ಬರಲಿಲ್ಲ. ನಮ್ಮ ಮಗಳ ಗುರುಗಳ ತಪ್ಪೂ ಇಷ್ಟೇ, ಅದನ್ನು ತಪ್ಪೆನ್ನುವುದಾದರೆ.

ಆದರೆ ನಮ್ಮ ನಾಡಿನಲ್ಲಿ ಮೈಮೇಲೆ ವಾದ್ಯವನ್ನು ಹೊತ್ತವರೇ ಇಲ್ಲವೆ? ಈ ಪ್ರಶ್ನೆಗೆ ಉತ್ತರವು ನಮ್ಮ ಊರಿನ ಜಾತ್ರೆಯಲ್ಲಿಯೇ ಕಾದಿತ್ತು. ಚಳಿಗಾಲದಲ್ಲಿ ಸೂಗೂರೇಶ್ವರನ ಜಾತ್ರೆ. ಎಂದಿನಂತೆ ತೇರು ನೋಡಲು ಹೋದ ನಾವು ಆ ವರ್ಷ ತೇರನ್ನು ಸರಿಯಾಗಿ ನೋಡಲಿಲ್ಲ. ನಮ್ಮ ಕಣ್ಣೆಲ್ಲ ಪಟ್ಟಿಗಳ ಮೇಲೆ. ಹಲಗೆಯವರ ಹಲಗೆಯು ಒಂದು ಹೆಗಲಿನಿಂದ ಅಡ್ಡಲಾಗಿ ಇಳಿದಿತ್ತು. ಅದು ಹಗುರ, ಅದಕ್ಕೆ ಒಂದೇ ಬಾರು ಸಾಕು. ಸಮಾಳದವರು ಬಾರನ್ನು ಕೊರಳಿಗೆ ಹಾಕಿದ್ದರೂ ಕೆಳಗೆ ಸೊಂಟಕ್ಕೆ ಇನ್ನೊಂದು ಸುತ್ತು ಬಿಗಿದಿದ್ದರು. ವಾದ್ಯವು ಹೊಟ್ಟೆಯನ್ನು ಬಿಟ್ಟು ಒಂದು ಕೂದಲೆಳೆಯಷ್ಟೂ ಮುಂದಕ್ಕೆ ಜೋತುಬೀಳುತ್ತಿರಲಿಲ್ಲ. ಎಲ್ಲಕ್ಕಿಂತ ನಮ್ಮನ್ನು ನಿಲ್ಲಿಸಿದ್ದು ನಂದಿಕೋಲಿನವನು. ಮನೆಯ ಮಾಳಿಗೆಗಿಂತ ಎತ್ತರದ ಕೋಲು, ತುದಿಯಲ್ಲಿ ಹಿತ್ತಾಳೆಯ ನಂದಿ, ಮೈಗೆಲ್ಲ ಗೆಜ್ಜೆ ಬಿರುಡೆ. ಅಷ್ಟನ್ನೂ ಹೊತ್ತು ಕುಣಿಯುವವನ ಹೆಗಲಿನ ಮೇಲೆ ಬರಿಯ ಅಂಗಿ! ಕೋಲಿನ ಬುಡವು ಅವನ ಸೊಂಟಕ್ಕೆ ಬಿಗಿದು ಕಟ್ಟಿದ ದಪ್ಪ ಬಟ್ಟೆಯ ಜೋಳಿಗೆಯಲ್ಲಿ ಕುಳಿತಿತ್ತು. ಭಾರವೆಲ್ಲ ಸೊಂಟದಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ. ಕೈಗಳ ಕೆಲಸ ಕೋಲನ್ನು ಓಲಾಡದಂತೆ ಹಿಡಿಯುವುದಷ್ಟೆ.

ಪಟ್ಟಿಯ ಕೆಲಸ ಭಾರವನ್ನು ಹೊರುವುದಲ್ಲ, ಭಾರವನ್ನು ಮೈಗೆ ಹತ್ತಿರ ಇಡುವುದು. ಭಾರವು ಇಳಿಯುವ ದಾರಿಯೇ ಬೇರೆ ಇರಬೇಕು. ಮೂರು ವಾರ ಪುಸ್ತಕಗಳಲ್ಲಿ ಓದಿದರೂ ನಮಗೆ ತಲೆಗೆ ಹತ್ತದ ಈ ಮಾತು, ಜಾತ್ರೆಯ ಧೂಳಿನಲ್ಲಿ ಒಂದು ಗಳಿಗೆಯಲ್ಲಿ ಹತ್ತಿತು. ನಾವು ಮಗಳನ್ನು ಕೂರಿಸುತ್ತಿದ್ದುದು ಊಟದ ಮೇಜಿನ ಎತ್ತರದ ಕುರ್ಚಿಯ ಮೇಲೆ. ಕಾಲು ನೆಲಕ್ಕೆ ಎಟುಕದೆ ತೊಡೆಯು ಇಳಿಜಾರಾಗುತ್ತಿತ್ತು, ವಾದ್ಯವು ತೊಡೆಯ ಮೇಲೆ ನಿಲ್ಲದೆ ಹೆಗಲಿಗೇ ತೂಗುತ್ತಿತ್ತು. ಪಟ್ಟಿಗಳು ಸಡಿಲವಾದ್ದರಿಂದ ಅದು ಮುಂದಕ್ಕೆ ಬಾಗಿ, ಹುಡುಗಿಯನ್ನೂ ಮುಂದಕ್ಕೆ ಎಳೆಯುತ್ತಿತ್ತು. ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿದರೆ ಹೊರಬಹುದು, ಕೈಚಾಚಿ ಹಿಡಿದರೆ ಅರ್ಧ ಕೊಡವೂ ಭಾರವೇ. ನೀರು ಹೊತ್ತ ಯಾವ ಹೆಂಗಸಿಗೂ ಗೊತ್ತಿರುವ ಈ ಸಂಗತಿಯು, ಶಾಖೋತ್ಪನ್ನ ಕೇಂದ್ರದಲ್ಲಿ ಲೆಕ್ಕ ಬರೆಯುವ ನಮಗೆ ತಿಳಿಯಲು ಜಾತ್ರೆಯೇ ಆಗಬೇಕಾಯಿತು.

ಆ ಹಲಗೆಯ ಬಾರುಗಳನ್ನು ಯಾರು ಮಾಡುವರೆಂದು ವಿಚಾರಿಸಿದಾಗ, ಶಕ್ತಿನಗರದ ದಾರಿಯಲ್ಲಿ ಬೇವಿನ ಮರದ ನೆರಳಿಗೆ ಕುಳಿತು ಚಪ್ಪಲಿ ಹೊಲಿಯುವ ಒಬ್ಬಾತನನ್ನು ತೋರಿಸಿದರು. ದಿನವೂ ಅವನ ಮುಂದೆಯೇ ಆಫೀಸಿಗೆ ಹೋಗುತ್ತಿದ್ದೆವು. ನಮ್ಮ ಪಾದರಕ್ಷೆಗಳನ್ನು ಅವನು ಎರಡು ಬಾರಿ ಹೊಲಿದದ್ದೂ ಇತ್ತು. ಪೆಟ್ಟಿಗೆಯ ಮೇಲೆ ಹರಳಯ್ಯ ಕಲ್ಯಾಣಮ್ಮನವರ ಪಟ, ಪಕ್ಕದಲ್ಲಿ ರಂಪಿ, ಉಳಿ, ಮೇಣ ತೀಡಿದ ನೂಲಿನ ಉಂಡೆ. ರೆಕ್ಸಿನ್ನಿನ ಪಟ್ಟಿಯನ್ನು ಅವನ ಮುಂದೆ ಇಟ್ಟೆವು. ಅವನು ಅದನ್ನು ಒಮ್ಮೆ ಮಡಿಸಿ, ಮೂಸಿ ನೋಡಿ, ಬದಿಗಿಟ್ಟು ಕೇಳಿದನು:

"ಇದು ಯಾರ ಹೆಗಲಿಗಿ ಮಾಡಿದ್ದು ಸಾಹೇಬ್ರ?"

ಯಾರ ಹೆಗಲಿಗೂ ಅಲ್ಲ, ಅಂಗಡಿಗೆ ಮಾಡಿದ್ದು, ಎಂದೆವು.

"ಹಂಗಾದ್ರ ಅಂಗಡಿಗೇ ಹಾಕ್ರಿ" ಎಂದು ನಕ್ಕು, ಹುಡುಗಿಯನ್ನು ನೋಡದೆ ತಾನು ಚರ್ಮಕ್ಕೆ ಕೈ ಹಚ್ಚುವುದಿಲ್ಲವೆಂದನು.

ಭಾನುವಾರ ಮಧ್ಯಾಹ್ನ ಅವನು ಮನೆಗೆ ಬಂದನು. ಬಂದು ಕಟ್ಟೆಯ ಹತ್ತಿರವೇ ನಿಂತನು. ಒಳಗೆ ಬಾ ಎಂದರೆ, "ಇಲ್ಲೇ ಬೆಳಕು ಛಲೋ ಅದ ರೀ" ಎಂದನು. ಬೆಳಕಿನ ಮಾತೇ ಅದಾಗಿರಲಿಲ್ಲವೆಂದು ನಮಗೂ ಅವನಿಗೂ ಗೊತ್ತಿತ್ತು. ನಾವು ಕಟ್ಟೆಯ ಮೇಲೆಯೇ ಸ್ಟೂಲನ್ನು ಹಾಕಿ ಮಗಳನ್ನು ಕೂರಿಸಿ, ಅಕಾರ್ಡಿಯನ್ನನ್ನು ತೊಡೆಯ ಮೇಲೆ ಇಟ್ಟೆವು. ಅಳತೆಗೆ ಅವನು ಟೇಪನ್ನು ತರದೆ ಒಂದು ನೂಲನ್ನು ತಂದಿದ್ದನು. ಒಂದು ತುದಿಯನ್ನು ತಾನು ವಾದ್ಯದ ಕೊಂಡಿಗೆ ಹಿಡಿದು, ಇನ್ನೊಂದು ತುದಿಯನ್ನು ನಮ್ಮ ತಾಯಿಯವರ ಕಡೆಗೆ ನೀಡಿ, "ಅವ್ವಾರ, ಹುಡುಗಿ ಹೆಗಲಮ್ಯಾಲೆ ನೀವು ಹಿಡೀರಿ" ಎಂದನು. ತಾಯಿಯವರಿಗೆ ಎಪ್ಪತ್ತೆಂಟು. ಅವರ ಹಿರಿಯರ ಮನೆಯಲ್ಲಿ ಮಿಣಿ ಬಾರುಗಳನ್ನು ತಂದವರು ಅವನ್ನು ಅಂಗಳದ ಹೊರಗೆ ಇಟ್ಟು ಹೋಗುತ್ತಿದ್ದ ಕಾಲವನ್ನು ಅವರು ಕಂಡವರು. ಅವರು ನೂಲಿನ ಕಡೆ ಒಂದು ಗಳಿಗೆ ನೋಡಿ ಅಂದರು:

"ನೀನೇ ಹಿಡಿ ತಮ್ಮಾ. ನನಗ ಕಣ್ಣು ಕಾಣಾಂಗಿಲ್ಲ. ಅಳತಿ ತಪ್ಪಿದ್ರ ಕೂಸಿಗಿ ಮತ್ತ ನೋವು."

ತಾಯಿಯವರು ಇಂದಿಗೂ ಕನ್ನಡಕವಿಲ್ಲದೆ ಅಕ್ಕಿಯಲ್ಲಿಯ ಕಲ್ಲನ್ನು ಆರಿಸುತ್ತಾರೆ.

ಅವನು ಅಳೆದ ಬಗೆಯು ನೋಡುವಂತಿತ್ತು. ಮೊದಲು ಕೊರಳಿನ ಬುಡದಿಂದ ಹೆಗಲಿನ ಗುಂಡಿನವರೆಗೆ ಹೆಬ್ಬೆರಳಿನಿಂದ ತಡವಿ, ಪಟ್ಟಿ ಕೂರಲು ಇರುವ ಸಪಾಟು ಜಾಗವೆಷ್ಟೆಂದು ನೋಡಿದನು. ಅಗಲವಾದಷ್ಟೂ ಭಾರವು ಹಂಚಿಹೋಗುವುದೆಂದು ಓದಿಕೊಂಡಿದ್ದ ನಾವು ಮೂರಂಗುಲದ ಪಟ್ಟಿಯನ್ನೇ ಕೇಳಿದೆವು. ಅವನು ಒಪ್ಪಲಿಲ್ಲ. ದೊಡ್ಡವರಿಗೆ ಅದು ನಿಜ. ಈ ಹೆಗಲಿನ ಮೇಲೆ ಮೂರಂಗುಲವನ್ನು ಇಟ್ಟರೆ ಒಳಗಿನ ಅಂಚು ಕೊರಳನ್ನು ಕೊಯ್ಯುತ್ತದೆ, ಹೊರಗಿನ ಅಂಚು ತೋಳಿನ ಗುಂಡಿನ ಮೇಲೆ ಎದ್ದು ನಿಲ್ಲುತ್ತದೆ, ಅಲ್ಲಿಂದಲೇ ಜಾರುವುದು, ಎಂದನು. ನೇರಳೆಯ ಗೆರೆಯು ಕೊರಳಿನ ಬುಡದಲ್ಲಿಯೇ ಏಕೆ ಇತ್ತೆಂದು ಆಗ ನಮಗೆ ಅರ್ಥವಾಯಿತು. ಎರಡಂಗುಲಕ್ಕಿಂತ ಒಂದು ನೂಲಿನಷ್ಟು ಹೆಚ್ಚು, ಎಂದು ಅವನು ಗೊತ್ತುಮಾಡಿದನು. ಪಟ್ಟಿಯನ್ನು ನೆಟ್ಟಗೆ ಕತ್ತರಿಸದೆ, ಹೆಗಲಿನ ಮೇಲೆ ಬರುವಲ್ಲಿ ಬಿದಿಗೆಯ ಚಂದ್ರನಷ್ಟು ಬಾಗಿಸಿದನು. ಕೊರಳಿನ ದಿಕ್ಕಿಗೆ ಒಳಬಾಗು. ಮೇಲೆ ಎಮ್ಮೆಯ ಚರ್ಮ, ಮೈಗೆ ತಾಗುವ ಕಡೆ ಮೆತ್ತನೆಯ ಆಡಿನ ಚರ್ಮ, ಒರಟು ಮೈ ಹೊರಕ್ಕಿರುವಂತೆ, ಬೆವರಿನಲ್ಲಿ ಅದು ಜಾರಬಾರದೆಂದು. ನಡುವೆ ಏನನ್ನು ತುಂಬುವುದು? ಸ್ಪಂಜು ಬೇಡ, ಅದು ವರ್ಷದಲ್ಲಿ ಅಪ್ಪಚ್ಚಿಯಾಗುತ್ತದೆ ಎಂದನು. ತಾಯಿಯವರು ಒಳಗೆ ಹೋಗಿ ತಮ್ಮ ಹಳೆಯ ಕಂಬಳಿಯ ಒಂದು ಮೂಲೆಯನ್ನು ಕತ್ತರಿಸಿ ತಂದು ಕೊಟ್ಟರು. ಅದನ್ನು ಎರಡು ಪದರು ಮಾಡಿ ಒಳಗಿಟ್ಟು ಹೊಲಿಯಲಾಯಿತು.

ಉದ್ದದ ವಿಷಯದಲ್ಲಿ ನಾವು ಓದಿದ್ದೂ ಅವನು ಕಂಡದ್ದೂ ಒಂದೇ ಆದವು. ಎಡದ ಪಟ್ಟಿಯು ಬಲದ್ದಕ್ಕಿಂತ ಒಂದಂಗುಲ ಗಿಡ್ಡವಾಗಿರಬೇಕು. ಎಡಗೈಯು ತಿದಿಯನ್ನು ಎಳೆಯುವಾಗ ವಾದ್ಯದ ಮೈಯೆಲ್ಲ ಆ ಕಡೆಗೆ ಸರಿಯಲು ನೋಡುತ್ತದೆ. ಎಡ ಪಟ್ಟಿ ಬಿಗಿಯಿದ್ದರೆ ಅದು ನಿಂತಲ್ಲಿ ನಿಲ್ಲುತ್ತದೆ, ಬಲಗೈಗೆ ಮನೆಗಳ ಮೇಲೆ ಆಡಲು ಸಲೀಸಾಗುತ್ತದೆ. ಕುಳಿತಾಗ ಮನೆಗಳ ಹಲಗೆಯ ಕೆಳತುದಿಯು ಬಲತೊಡೆಯ ಒಳಮಗ್ಗುಲಿಗೆ ಆನಿಸಬೇಕು, ತಿದಿಯ ಭಾರವು ಎಡತೊಡೆಯ ಮೇಲೆ ಕೂರಬೇಕು. ಬಕ್ಕಲುಗಳನ್ನು ಅವನು ಹೆಗಲಿನಿಂದಲೂ ಕಂಕುಳಿನಿಂದಲೂ ದೂರ, ಪಟ್ಟಿಯ ಕೆಳತುದಿಯಲ್ಲಿ ಇಟ್ಟು, ಅವುಗಳ ಹಿಂದೆ ಒಂದೊಂದು ಚರ್ಮದ ನಾಲಿಗೆಯನ್ನು ಹೊಲಿದನು. ತೂತುಗಳನ್ನು ಆರು ಕೊರೆದನು. ಎರಡು ಈಗಿನವು, ನಾಲ್ಕು ಮುಂದಿನವು. "ಹುಡುಗಿ ಬೆಳಿತಾಳ, ಚರ್ಮ ಬೆಳಿಯಾಂಗಿಲ್ಲ" ಎಂದನು.

ಇಷ್ಟಾದರೂ ಮೊದಲ ದಿನ ಪಟ್ಟಿಗಳು ತುಸು ಹೊರಕ್ಕೆ ಸರಿದವು. ಅವನು ಯೋಚಿಸಿ, ಬೆನ್ನಿನ ಮೇಲುಭಾಗದ ಎರಡು ಹಲಗೆಯೆಲುಬುಗಳ ನಡುವೆ ಬರುವಂತೆ, ಎರಡು ಪಟ್ಟಿಗಳನ್ನೂ ಕೂಡಿಸುವ ಒಂದು ಗೇಣಿಗಿಂತ ಗಿಡ್ಡನೆಯ ಅಡ್ಡಬಾರನ್ನು ಹಾಕಿದನು. ವಿಲಾಯತಿಯ ವಾದಕರೂ ಇಂತಹುದನ್ನೇ ಉಪಯೋಗಿಸುವರೆಂದು ನಾವು ಹೇಳಿದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಎತ್ತಿನ ಜೊತೆಯನ್ನು ಕಟ್ಟುವವರು ಎಲ್ಲ ದೇಶದಲ್ಲಿಯೂ ಇರಲೇಬೇಕಲ್ಲ, ಎಂಬಂತೆ ತಲೆಯಾಡಿಸಿದನು. ಈ ಅಡ್ಡಬಾರನ್ನು ತೀರ ಬಿಗಿಯಬಾರದು; ಬಿಗಿದರೆ ಪಟ್ಟಿಗಳು ಒಳಸರಿದು ಮತ್ತೆ ಕೊರಳಿಗೇ ಬರುತ್ತವೆ. ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು.

ಕೂಲಿಯ ಮಾತು ಬಂದಾಗ ಅವನು ಹೇಳಿದ ಮೊತ್ತವು ರೆಕ್ಸಿನ್ನಿಗೆ ನಾವು ಕೊಟ್ಟದ್ದರ ಅರ್ಧವೂ ಆಗಿರಲಿಲ್ಲ. ನಾವು ರೆಕ್ಸಿನ್ನಿನ ಬೆಲೆಯನ್ನೇ ಕೊಟ್ಟೆವು. ಆ ದಿನ ಅವನು ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಮಗಳು ಒಂದು ಹಾಡನ್ನು ಮುಗಿಸುವವರೆಗೆ ಇದ್ದು ಹೋದನು. ಹಾಡಿನಲ್ಲಿ ಎರಡು ಕಡೆ ತಪ್ಪಿತು. ಅವನು ಕೇಳುತ್ತಿದ್ದುದು ಹಾಡನ್ನಲ್ಲವೆಂದು ತೋರುತ್ತದೆ. ಅವನ ಕಣ್ಣು ಕೊನೆಯವರೆಗೂ ಅವಳ ಹೆಗಲಿನ ಮೇಲೆಯೇ ಇತ್ತು.

ಇಂತಹ ವಾದ್ಯವು ಮನೆಯಲ್ಲಿ ಇರುವ ವಾಚಕರು ನಾಲ್ಕಾರು ಮಂದಿಯಾದರೂ ಇದ್ದಾರು ಎಂಬ ಆಸೆಯಿಂದ ಒಂದೆರಡು ಮಾತನ್ನು ಇಲ್ಲಿಯೇ ಸೇರಿಸುತ್ತೇವೆ. ವಾದ್ಯವನ್ನು ಒಂದೇ ಪಟ್ಟಿಯಿಂದ ಹಿಡಿದು ಎತ್ತಬೇಡಿರಿ. ಹೊಲಿಗೆ ಬಿಡುವುದು ಅಲ್ಲಿಯೇ. ತಿಂಗಳಿಗೊಮ್ಮೆ ಕೊಂಡಿಗಳನ್ನು ಜಗ್ಗಿ ನೋಡಿರಿ. ಚರ್ಮಕ್ಕೆ ಎಣ್ಣೆಯನ್ನು ಬಟ್ಟೆಯ ಮೂಲೆಯಿಂದ ಒರೆಸುವಷ್ಟೇ ಹಚ್ಚಿರಿ. ನಮ್ಮ ಹಾಗೆ ಧಾರಾಳವಾಗಿ ಸುರಿದರೆ ಹುಡುಗಿಯ ಅಂಗಿಯೂ ಹೋಗುತ್ತದೆ, ಮನೆಯಾಕೆಯ ತಾಳ್ಮೆಯೂ ಹೋಗುತ್ತದೆ. ಕೂರಲು ತಗ್ಗಾದ ಸ್ಟೂಲು ಇರಲಿ, ಪಾದಗಳೆರಡೂ ನೆಲವನ್ನು ಮುಟ್ಟಲಿ. ಇಷ್ಟನ್ನೂ ಮಾಡಿದ ಮೇಲೆಯೂ ಎಂಟು ಕಿಲೋ ಎಂಟು ಕಿಲೋವೇ. ಆದುದರಿಂದ ನಮ್ಮ ಮಗಳು ನಿಂತು ನುಡಿಸಲು ಇನ್ನೂ ಅಪ್ಪಣೆಯಿಲ್ಲ. ಹದಿನೈದು ನಿಮಿಷಕ್ಕೆ ಒಮ್ಮೆ ವಾದ್ಯವನ್ನು ಇಳಿಸಿ ಎದ್ದು ಓಡಾಡಬೇಕು. ಸಣ್ಣ ಅಕಾರ್ಡಿಯನ್ನನ್ನು ಕೊಂಡರೆ ಇದೊಂದೂ ಬೇಕಾಗಿರಲಿಲ್ಲವೆಂದು ಸ್ನೇಹಿತರು ಹೇಳುತ್ತಾರೆ. ನಿಜವೇ. ಆದರೆ ಮಗಳಿಗೆ ಮಾವನವರ ಅಕಾರ್ಡಿಯನ್ನೇ ಬೇಕು. ಆ ಹಟವನ್ನು ಮುರಿಯಲು ನಮಗೆ ಮನಸ್ಸಿಲ್ಲ.

ಸಂಕ್ರಾಂತಿಯಿಂದ ಅವಳು ಮತ್ತೆ ನುಡಿಸತೊಡಗಿದಳು. ಮೊದಲ ವಾರ ನಾವು ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ. ಎಂಟನೆಯ ದಿನ ಅವಳೇ, "ಇರಿವಿ ಬರಲಿಲ್ಲಪ್ಪಾ" ಎಂದಳು. ನಾವು ವೃತ್ತಪತ್ರಿಕೆಯನ್ನು ಮುಖಕ್ಕೆ ಹಿಡಿದು, ಹೂಂ ಎಂದೆವು.

ಬೆನ್ನಿನ ಅಡ್ಡಬಾರನ್ನು ಅವಳು ತಾನೇ ಹಾಕಿಕೊಳ್ಳಲಾರಳು, ಕೈ ಎಟುಕುವುದಿಲ್ಲ. ಆದಕಾರಣ ಸಂಜೆ ದೀಪ ಹಚ್ಚಿದ ಮೇಲೆ ಅವಳು ಸ್ಟೂಲಿನ ಮೇಲೆ ಕುಳಿತು, "ಹಚ್ಚ್ರಿ" ಎಂದು ಬೆನ್ನು ಕೊಡುತ್ತಾಳೆ. ತಾಯಿಯವರು ಇದ್ದರೆ ಅವರು, ಇಲ್ಲವಾದರೆ ನಾವು, ಕೊಂಡಿಯನ್ನು ಸಿಕ್ಕಿಸಿ ಎರಡು ಬೆರಳನ್ನು ತೂರಿಸಿ ನೋಡುತ್ತೇವೆ. ಈ ಯುಗಾದಿಗೆ ಪಟ್ಟಿಯು ಮೂರನೆಯ ತೂತಿಗೆ ಬಂದಿತು.